ಚುಕ್ಕಿಯ ಬಲಗಡೆ ಏನಿರಲಿ? ವ್ಯಾಪಾರದ ವೆಬ್‌ಸೈಟಿಗೆ ಡೊಮೇನ್ ಎಕ್ಸ್‌ಟೆನ್ಷನ್ ಆರಿಸುವಾಗ

ಹೊಸ ವ್ಯಾಪಾರಕ್ಕೆ ಹೆಸರು ಇಟ್ಟಾಯ್ತು, ಲೋಗೋ ಕೂಡ ಆಯ್ತು. ಇನ್ನು ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು ಹುಡುಕೋಣ ಅಂತ ಹೆಸರು ಟೈಪ್ ಮಾಡಿದರೆ ಡಾಟ್ ಕಾಮ್ ಎದುರು ‘ಲಭ್ಯವಿಲ್ಲ’ ಅಂತ ಬರುತ್ತದೆ. ಅದರ ಕೆಳಗೇ ಉದ್ದನೆಯ ಪಟ್ಟಿ: ಡಾಟ್ ಸ್ಟೋರ್, ಡಾಟ್ ಶಾಪ್, ಡಾಟ್ ಆನ್‌ಲೈನ್, ಡಾಟ್ ಸ್ಟುಡಿಯೋ, ಡಾಟ್ ಏಜೆನ್ಸಿ, ಡಾಟ್ ಫೋಟೋಗ್ರಫಿ. ಕೆಲವದರ ಮೊದಲ ವರ್ಷದ ದರ ನೋಡಿದರೆ ಬಿಟ್ಟಿ ಕೊಟ್ಟ ಹಾಗಿರುತ್ತದೆ. ಬಹಳ ಜನ ಇಲ್ಲಿ ಐದು ನಿಮಿಷವೂ ಯೋಚಿಸುವುದಿಲ್ಲ. ಚೆನ್ನಾಗಿ ಕಂಡದ್ದನ್ನು ಕ್ಲಿಕ್ ಮಾಡಿ ಮುಂದೆ ಹೋಗುತ್ತಾರೆ. ಆಮೇಲೆ ಅದೇ ಹೆಸರು ಬೋರ್ಡ್, ಬಿಲ್ಲು, ವಿಸಿಟಿಂಗ್ ಕಾರ್ಡ್, ಇಮೇಲ್ ಎಲ್ಲದರಲ್ಲೂ ಕೂತುಬಿಡುತ್ತದೆ. ಬದಲಾಯಿಸಲು ಆಗುವುದಿಲ್ಲ ಅಂತಲ್ಲ, ಆದರೆ ಅದು ದೊಡ್ಡ ತಲೆನೋವು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚುಕ್ಕಿಯ ಬಲಗಡೆಯ ಪದಕ್ಕೆ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಆ ಪದವನ್ನು ನಿಮ್ಮ ಹೆಸರಿನ ಜೊತೆ ಜನ ಈಗಾಗಲೇ ಹೇಳುತ್ತಿದ್ದರೆ, ಅಥವಾ ಹೇಳುವುದು ಸಹಜ ಅನ್ನಿಸಿದರೆ, ಆ ಎಕ್ಸ್‌ಟೆನ್ಷನ್ ತಗೊಳ್ಳಿ. ಡಾಟ್ ಕಾಮ್ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ತಗೊಳ್ಳುತ್ತಿದ್ದರೆ ಬೇಡ. ಎಡಗಡೆ ಒಂದು ಪದ ಸೇರಿಸಿ ಡಾಟ್ ಕಾಮ್‌ಗೇ ಹೋಗಿ.

ಪಟ್ಟಿ ಇಷ್ಟು ಉದ್ದ ಆಗಿದ್ದು ಹೇಗೆ

1985ರಲ್ಲಿ ಸಾಮಾನ್ಯ ಎಕ್ಸ್‌ಟೆನ್ಷನ್‌ಗಳು ಬೆರಳೆಣಿಕೆಯಷ್ಟಿದ್ದವು. ಕಾಮ್, ನೆಟ್, ಆರ್ಗ್ ಜೊತೆಗೆ ಶಿಕ್ಷಣ, ಸರ್ಕಾರ, ಸೇನೆಯವು. 2001ರ ಹೊತ್ತಿಗೆ ಇನ್ಫೋ, ಬಿಜ್‌ನಂಥವು ಸೇರಿದವು. ನಿಜವಾದ ಪ್ರವಾಹ ಬಂದದ್ದು 2012ರಲ್ಲಿ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಹೊಸ ಎಕ್ಸ್‌ಟೆನ್ಷನ್‌ಗಳಿಗೆ ಅರ್ಜಿ ಕರೆಯಿತು. ಒಂದು ಅರ್ಜಿಗೆ 1,85,000 ಡಾಲರ್ ಶುಲ್ಕ. ಅಷ್ಟಾದರೂ 1,930 ಅರ್ಜಿ ಬಂದವು. 2013ರ ಅಕ್ಟೋಬರ್‌ನಿಂದ ಒಂದೊಂದಾಗಿ ಬಳಕೆಗೆ ಬಂದು, ಕೊನೆಗೆ ಸಾವಿರ ದಾಟಿದವು. ಅದರಲ್ಲಿ ಎಷ್ಟೋ ದೊಡ್ಡ ಕಂಪನಿಗಳ ಸ್ವಂತ ಬ್ರ್ಯಾಂಡ್ ಹೆಸರುಗಳು, ನಮಗೆ ಮಾರಾಟಕ್ಕಿಲ್ಲ. ಉಳಿದವು ನೀವು ಈಗ ಪಟ್ಟಿಯಲ್ಲಿ ನೋಡುತ್ತಿರುವವು.

ಇದನ್ನೆಲ್ಲ ಹೇಳಲು ಕಾರಣ ಇದೆ. ಒಂದೊಂದು ಎಕ್ಸ್‌ಟೆನ್ಷನ್ನಿಗೂ ಒಬ್ಬ ಯಜಮಾನ ಇದ್ದಾನೆ. ಅವನಿಗೆ ರಿಜಿಸ್ಟ್ರಿ ಅನ್ನುತ್ತಾರೆ. ನೀವು ಹಣ ಕಟ್ಟುವ ವೆಬ್‌ಸೈಟ್ ರಿಜಿಸ್ಟ್ರಾರ್, ಅಂದರೆ ಚಿಲ್ಲರೆ ಮಾರಾಟಗಾರ. ರಿಜಿಸ್ಟ್ರಿಗಳು ಇದರಲ್ಲಿ ಸಣ್ಣ ಬಂಡವಾಳ ಹಾಕಿಲ್ಲ. ಡಾಟ್ ಆ್ಯಪ್‌ಗೆ ಗೂಗಲ್ 2015ರ ಹರಾಜಿನಲ್ಲಿ ಎರಡೂವರೆ ಕೋಟಿ ಡಾಲರ್ ಕೊಟ್ಟಿತು. ಮರುವರ್ಷ ಡಾಟ್ ಶಾಪ್ 4 ಕೋಟಿ 15 ಲಕ್ಷ ಡಾಲರಿಗೆ ಹೋಯಿತು. ಆ ದುಡ್ಡು ವಾಪಸ್ ಬರುವುದು ವರ್ಷ ವರ್ಷ ನೀವು ಕಟ್ಟುವ ನವೀಕರಣ ಶುಲ್ಕದಿಂದ. ಡೊಮೇನ್ ಕೊಂಡೆ ಅನ್ನುತ್ತೇವೆ, ಆದರೆ ನಡೆಯುವುದು ಬಾಡಿಗೆ ಮನೆಯ ಲೆಕ್ಕ. ಬಾಡಿಗೆ ಎಷ್ಟು, ಎಷ್ಟು ಏರಬಹುದು ಅನ್ನುವುದು ಯಜಮಾನನ ಕೈಯಲ್ಲಿರುತ್ತದೆ.

ಒಂದು ಪದ ಸೇರಿಸಿದ ಡಾಟ್ ಕಾಮ್

ವಿವರಣೆ ಕೊಡುವ ಎಕ್ಸ್‌ಟೆನ್ಷನ್ನಿಗೆ ನಿಜವಾದ ಪೈಪೋಟಿ ಬರೀ ಡಾಟ್ ಕಾಮ್‌ನಿಂದಲ್ಲ, ಒಂದು ಪದ ಸೇರಿಸಿದ ಡಾಟ್ ಕಾಮ್‌ನಿಂದ. ಉದಾಹರಣೆಗೆ ‘ಬೆಳಕು’ ಅನ್ನುವ ಹೆಸರಿನ ಫೋಟೋ ಸ್ಟುಡಿಯೋ ಅಂದುಕೊಳ್ಳಿ. ಬೆಳಕು.ಕಾಮ್ ಸಿಗಲಿಲ್ಲ. ಉಳಿದ ಎರಡು ದಾರಿ: ಬೆಳಕುಸ್ಟುಡಿಯೋ.ಕಾಮ್ ಅಥವಾ ಬೆಳಕು.ಸ್ಟುಡಿಯೋ. ಎರಡರಲ್ಲೂ ಅದೇ ಎರಡು ಪದ. ಚುಕ್ಕಿ ಮಾತ್ರ ಜಾಗ ಬದಲಿಸಿದೆ, ಒಂದರ ಕೊನೆಗೆ ಕಾಮ್ ಜಾಸ್ತಿ ಇದೆ.

ಕಾಗದದ ಮೇಲೆ ನೋಡಿದರೆ ಎರಡನೆಯದೇ ಚೆಂದ. ಚಿಕ್ಕದು, ಓದುವಾಗ ಎಡವುವುದಿಲ್ಲ, ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಹಿಡಿಸುತ್ತದೆ. ಈಗ ಫೋನಿನಲ್ಲಿ ಹೇಳಿ ನೋಡಿ. “ನಮ್ಮ ವೆಬ್‌ಸೈಟ್ ಬೆಳಕು ಡಾಟ್ ಸ್ಟುಡಿಯೋ.” ಆ ಕಡೆಯಿಂದ, “ಸರಿ ಸರ್, ಬೆಳಕು ಸ್ಟುಡಿಯೋ ಡಾಟ್ ಕಾಮ್ ಅಲ್ವಾ?” “ಅಲ್ಲ, ಡಾಟ್ ಕಾಮ್ ಇಲ್ಲ, ಬರೀ ಡಾಟ್ ಸ್ಟುಡಿಯೋ.” “ಹಾಂ, ಬೆಳಕು ಡಾಟ್ ಸ್ಟುಡಿಯೋ ಡಾಟ್ ಕಾಮ್.” ಈ ಮಾತುಕತೆ ನಿಮಗೆ ದಿನಕ್ಕೊಮ್ಮೆ ಆಗಬಹುದು. ಆ ಕೊನೆಯ ಉತ್ತರದಂತೆ ಬರೆದುಕೊಂಡವರು ಟೈಪ್ ಮಾಡುವುದು ಸ್ಟುಡಿಯೋ.ಕಾಮ್ ಅನ್ನುವ ಬೇರೆ ಯಾರದೋ ಡೊಮೇನಿನ ಒಳಗಿನ ವಿಳಾಸ. ನಿಮ್ಮ ಗ್ರಾಹಕರು ಹೆಚ್ಚಾಗಿ ಲಿಂಕ್ ಒತ್ತಿ ಬರುವವರಾದರೆ ಇದರ ಚಿಂತೆ ಬೇಡ. ಬಾಯಿಮಾತಿನಲ್ಲಿ ಕೇಳಿ ಬರುವವರಾದರೆ ಇದೇ ದೊಡ್ಡ ಪ್ರಶ್ನೆ.

ದೊಡ್ಡವರಿಗೂ ಇದು ಆಗಿದೆ. ಅಮೆರಿಕದ ಓವರ್‌ಸ್ಟಾಕ್ ಅನ್ನುವ ಆನ್‌ಲೈನ್ ಅಂಗಡಿ 2011ರಲ್ಲಿ ಓ.ಕೋ ಅನ್ನುವ ಪುಟ್ಟ ವಿಳಾಸಕ್ಕೆ ತನ್ನ ಹೆಸರು ಬದಲಿಸಿಕೊಂಡು ಜೋರಾಗಿ ಜಾಹೀರಾತು ಕೊಟ್ಟಿತು. ಜನ ಅಭ್ಯಾಸಬಲದಿಂದ ಕೊನೆಗೊಂದು ಎಂ ಸೇರಿಸಿ ಓ.ಕಾಮ್ ಅಂತ ಹೊಡೆಯುತ್ತಿದ್ದರು. ಅದೇ ವರ್ಷ ಕಂಪನಿ ಹಳೆಯ ಹೆಸರಿನ ಕಡೆಗೇ ತಿರುಗಿತು.

ವೆಬ್‌ಸೈಟ್ ತಪ್ಪಿದರೆ ಒಬ್ಬ ಗ್ರಾಹಕ ತಪ್ಪುತ್ತಾನೆ, ಅಷ್ಟೇ. ಇಮೇಲ್ ತಪ್ಪಿದರೆ ಕಥೆ ಬೇರೆ. ಬೆಳಕು.ಸ್ಟುಡಿಯೋಗೆ ಬರಬೇಕಾದ ಕೊಟೇಶನ್, ಬ್ಯಾಂಕ್ ವಿವರ, ಒಪ್ಪಂದದ ಕರಡು ಬೆಳಕು.ಕಾಮ್‌ಗೆ ಹೋದರೆ ಅದನ್ನು ಓದುವವರು ಯಾರೋ ಏನೋ. ಆದ್ದರಿಂದ ಹೊಸ ಎಕ್ಸ್‌ಟೆನ್ಷನ್ ತಗೊಳ್ಳುವ ಮೊದಲು ಅದೇ ಹೆಸರಿನ ಡಾಟ್ ಕಾಮ್ ತೆರೆದು ನೋಡಿ. ಖಾಲಿ ಪುಟವೋ ಬೇರೆ ಕ್ಷೇತ್ರದವರ ಸೈಟೋ ಇದ್ದರೆ ಸುಧಾರಿಸಿಕೊಳ್ಳಬಹುದು. ನಿಮ್ಮದೇ ಕಸುಬಿನವರು ಕೂತಿದ್ದರೆ ಎಕ್ಸ್‌ಟೆನ್ಷನ್ ಬದಲಿಸಿ ಪ್ರಯೋಜನವಿಲ್ಲ, ಹೆಸರನ್ನೇ ಬದಲಿಸಿ. ಕಾನೂನಿನ ಕಡೆಯಿಂದಲೂ ಹಾಗೆಯೇ. ಡೊಮೇನ್ ಜಗಳ ಬಗೆಹರಿಸಲು 1999ರಿಂದ ಇರುವ ಯುಡಿಆರ್‌ಪಿ ನಿಯಮದಲ್ಲಿ ಹೆಸರನ್ನು ಟ್ರೇಡ್‌ಮಾರ್ಕಿಗೆ ಹೋಲಿಸಿ ನೋಡುವಾಗ ಸಾಮಾನ್ಯವಾಗಿ ಚುಕ್ಕಿಯ ಬಲಗಡೆಯನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. “ನಂದು ಡಾಟ್ ಕಾಮ್ ಅಲ್ಲವಲ್ಲ” ಅನ್ನುವ ವಾದ ನಿಲ್ಲುವುದು ಕಷ್ಟ.

ಹಾಗಂತ ಡಾಟ್ ಕಾಮ್ ಎಲ್ಲಕ್ಕೂ ಮದ್ದಲ್ಲ. ಮೂರು ಪದ ಪೋಣಿಸಿ, ನಡುವೆ ಎರಡು ಹೈಫನ್ ಹಾಕಿ ಮಾಡಿದ ಡಾಟ್ ಕಾಮ್‌ಗಿಂತ ಚಿಕ್ಕ ಡಾಟ್ ಸ್ಟುಡಿಯೋ ಎಷ್ಟೋ ವಾಸಿ. ಕನ್ನಡದ ಹೆಸರುಗಳಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ದೀರ್ಘಕ್ಕೆ ಒಂದು ಎ ಇಡಬೇಕೋ ಎರಡೋ ಅನ್ನುವ ಗೊಂದಲ ಎಡಗಡೆಯೇ ಇರುತ್ತದೆ. ಅಂಥ ಹೆಸರಾದರೆ ಬಲಗಡೆಯಾದರೂ ಯಾರೂ ತಪ್ಪು ಬರೆಯದಂಥದ್ದು ಇರಲಿ.

ಕಸುಬನ್ನೇ ಹೇಳುವ ಪದಗಳು

ಡಾಟ್ ಫೋಟೋಗ್ರಫಿ, ಡಾಟ್ ಪ್ಲಂಬಿಂಗ್, ಡಾಟ್ ಡೆಂಟಲ್, ಡಾಟ್ ಫ್ಲೋರಿಸ್ಟ್, ಡಾಟ್ ಫಿಟ್‌ನೆಸ್, ಡಾಟ್ ಯೋಗ. ಇವುಗಳ ಆಕರ್ಷಣೆ ಗೊತ್ತೇ ಇದೆ. ವಿಳಾಸ ನೋಡಿದ ಕೂಡಲೇ ಏನು ಕೆಲಸ ಅಂತ ತಿಳಿಯುತ್ತದೆ. ಸ್ವಂತ ಹೆಸರಿನಲ್ಲಿ ಒಂದೇ ಕಸುಬು ಮಾಡುವವರಿಗೆ, ಅದನ್ನೇ ಕೊನೆತನಕ ಮಾಡುತ್ತೇನೆ ಅನ್ನುವವರಿಗೆ ಇದಕ್ಕಿಂತ ಸೊಗಸಾದದ್ದು ಸಿಗುವುದು ಅಪರೂಪ. ಹಲ್ಲಿನ ಡಾಕ್ಟರು ನಾಳೆ ಪೀಠೋಪಕರಣ ಮಾರಲು ಹೊರಡುವುದಿಲ್ಲ.

ಆದರೆ ಹೆಚ್ಚಿನ ವ್ಯಾಪಾರಗಳು ಹಾಗಿರುವುದಿಲ್ಲ. ಫೋಟೋ ತೆಗೆಯುವವರು ವಿಡಿಯೋಗೆ ಇಳಿಯುತ್ತಾರೆ, ಆಮೇಲೆ ಡ್ರೋನ್, ಆಮೇಲೆ ಆಲ್ಬಂ ಪ್ರಿಂಟಿಂಗ್. ಡಾಟ್ ಫೋಟೋಗ್ರಫಿ ಅಂತ ಬರೆಸಿಕೊಂಡ ಬೋರ್ಡು ಅಲ್ಲೇ ನಿಂತಿರುತ್ತದೆ. ಎಡಗಡೆಯ ಪದಕ್ಕೂ ಈ ಮಾತು ಹೊಂದುತ್ತದೆ ಅನ್ನಿ. ಟೆಸ್ಲಾ ಬಹಳ ವರ್ಷ ಟೆಸ್ಲಾಮೋಟರ್ಸ್.ಕಾಮ್ ಆಗಿತ್ತು. ಕಾರಿನಾಚೆಗೆ ಬ್ಯಾಟರಿ ವ್ಯವಹಾರಕ್ಕೆ ಬಂದಮೇಲೆ 2016ರಲ್ಲಿ ಬರೀ ಟೆಸ್ಲಾ.ಕಾಮ್ ಮಾಡಿಕೊಂಡಿತು. ಆ ಚಿಕ್ಕ ಹೆಸರು ಬೇರೆಯವರ ಕೈಯಲ್ಲಿತ್ತು, ಅವರಿಂದ ಪಡೆಯಬೇಕಾಯಿತು.

ವ್ಯಾಪಾರ ಬದಲಾಗದೆ ಕಾಲವೇ ಬದಲಾಗಿ ಪದ ಹಳಸುವುದೂ ಉಂಟು. 2006ರಲ್ಲಿ ಡಾಟ್ ಮೊಬಿ ಬಂದಾಗ ನೋಕಿಯಾ, ಮೈಕ್ರೋಸಾಫ್ಟ್, ಗೂಗಲ್‌ನಂಥವರ ಬೆಂಬಲ ಇತ್ತು. ಮೊಬೈಲಿಗೆ ಬೇರೆಯೇ ವೆಬ್‌ಸೈಟ್ ಬೇಕು ಅನ್ನುವುದು ಆಗಿನ ಯೋಚನೆ. ಮುಂದಿನ ವರ್ಷಗಳಲ್ಲಿ ಸ್ಮಾರ್ಟ್‌ಫೋನ್ ಬಂತು, ಒಂದೇ ಸೈಟು ಎಲ್ಲ ಅಳತೆಯ ಪರದೆಗೂ ಹೊಂದಿಕೊಳ್ಳುವಂತೆ ಮಾಡುವುದು ರೂಢಿಯಾಯಿತು. ಡಾಟ್ ಮೊಬಿ ತಗೊಂಡವರ ಹೆಸರಿನ ಕೊನೆಯಲ್ಲಿ ಯಾರಿಗೂ ಬೇಡದ ವಿವರಣೆ ಉಳಿಯಿತು. ತಂತ್ರಜ್ಞಾನದ ಹೆಸರು ಹೊತ್ತ ಎಕ್ಸ್‌ಟೆನ್ಷನ್ ಕಂಡಾಗ ನನಗೆ ಮೊದಲು ನೆನಪಾಗುವುದು ಇದೇ.

ಇನ್ನೊಂದು ಕಿರಿಕಿರಿ, ಹತ್ತಿರದ ಪದಗಳು. ಡಾಟ್ ಫೋಟೋ, ಡಾಟ್ ಫೋಟೋಸ್, ಡಾಟ್ ಫೋಟೋಗ್ರಫಿ, ಡಾಟ್ ಪಿಕ್ಸ್, ಡಾಟ್ ಪಿಕ್ಚರ್ಸ್ ಎಲ್ಲವೂ ಇವೆ, ಎಲ್ಲವೂ ಬೇರೆ ಬೇರೆ. ನೀವು ಒಂದು ತಗೊಂಡರೆ ಉಳಿದವನ್ನು ಬೇರೆಯವರು ತಗೊಳ್ಳಬಹುದು. ಏಕವಚನ ಬಹುವಚನ ಎರಡನ್ನೂ ಒಪ್ಪಿದ್ದು 2012ರ ಸುತ್ತಿನ ಫಲ. ಗ್ರಾಹಕರಿಗೆ ನಿಮ್ಮದು ಎಸ್ ಇರುವುದೋ ಇಲ್ಲದ್ದೋ ಅಂತ ನೆನಪಿರುತ್ತದಾ? ನನಗಂತೂ ಇರುವುದಿಲ್ಲ.

ಅಗಲವಾದ ಪದಗಳು: ಸ್ಟೋರ್, ಶಾಪ್, ಸ್ಟುಡಿಯೋ, ಆನ್‌ಲೈನ್

ಇಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸ್ಟುಡಿಯೋ ಅನ್ನುವುದು ಫೋಟೋ, ಡಿಸೈನ್, ಸಂಗೀತ, ನೃತ್ಯ, ಕುಂಬಾರಿಕೆ ಎಲ್ಲಕ್ಕೂ ಹೊಂದುತ್ತದೆ. ವ್ಯಾಪಾರ ಬೆಳೆದರೂ ಒಡೆಯುವುದಿಲ್ಲ. ಏಜೆನ್ಸಿಯೂ ಹಾಗೆಯೇ. ಶಾಪ್, ಸ್ಟೋರ್ ಎರಡೂ ಸಾಮಾನು ಮಾರುವವರಿಗೆ ಸರಿ. ಸೇವೆ ಕೊಡುವವರಿಗೆ ಬೇಡ, ಯಾಕಂದರೆ ಬಂದವರು ಮೊದಲು ಹುಡುಕುವುದು ಕಾರ್ಟ್ ಬಟನ್. ಇವೆರಡರ ನಡುವೆ ಆರಿಸುವುದಾದರೆ ಶಾಪ್ ಒಂದು ಅಕ್ಷರ ಚಿಕ್ಕದು, ಕೇಳಿದಾಗ ಸ್ಪಷ್ಟ, ಅಷ್ಟೇ. ನವೀಕರಣ ದರ ಯಾವುದಕ್ಕೆ ಕಡಿಮೆಯೋ ಅದನ್ನೇ ಆರಿಸಿದರೂ ನಷ್ಟ ಇಲ್ಲ.

ಆನ್‌ಲೈನ್, ಸೈಟ್, ವೆಬ್‌ಸೈಟ್ ಇವು ಏನನ್ನೂ ಹೇಳುವುದಿಲ್ಲ. ವೆಬ್‌ಸೈಟ್ ಆನ್‌ಲೈನಿನಲ್ಲಿ ಇರದೆ ಇನ್ನೆಲ್ಲಿರುತ್ತದೆ? ಇವನ್ನು ನಾನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುತ್ತೇನೆ.

ಮುಖ್ಯ ಡೊಮೇನ್ ಆಗಿ ಅಲ್ಲದೆ ಎರಡನೆಯದಾಗಿ ಈ ಪದಗಳು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಕಂಪನಿಯ ಸೈಟ್ ಡಾಟ್ ಕಾಮ್‌ನಲ್ಲಿದೆ, ಅದರೊಳಗಿನ ಅಂಗಡಿ ಪುಟಕ್ಕೆ ಉದ್ದನೆಯ ವಿಳಾಸ ಇದೆ ಅಂದುಕೊಳ್ಳಿ. ಅದೇ ಹೆಸರಿನ ಡಾಟ್ ಶಾಪ್ ತಗೊಂಡು ನೇರ ಆ ಪುಟಕ್ಕೆ ಹೋಗುವಂತೆ ರೀಡೈರೆಕ್ಟ್ ಹಾಕಿ. ಪ್ಯಾಕೆಟ್ ಮೇಲೆ, ಪೋಸ್ಟರ್ ಮೇಲೆ ಅದನ್ನು ಅಚ್ಚು ಹಾಕಿಸಬಹುದು. ಮುಂದೆ ಬೇಡವಾದರೆ ಬಿಟ್ಟರೂ ವ್ಯಾಪಾರದ ಹೆಸರಿಗೆ ಏಟು ಬೀಳುವುದಿಲ್ಲ.

ಆ್ಯಪ್, ಡೆವ್, ಮತ್ತು ದೇಶಗಳಿಂದ ಎರವಲು ತಂದವು

ಡಾಟ್ ಆ್ಯಪ್, ಡಾಟ್ ಡೆವ್, ಡಾಟ್ ಪೇಜ್ ಮೂರೂ ಗೂಗಲ್ ರಿಜಿಸ್ಟ್ರಿಯವು. ಇವುಗಳಲ್ಲಿ ಎಚ್‌ಟಿಟಿಪಿಎಸ್ ಕಡ್ಡಾಯ. ಇಡೀ ಎಕ್ಸ್‌ಟೆನ್ಷನ್ನೇ ಸುರಕ್ಷಿತ ಸಂಪರ್ಕ ಬೇಕೇ ಬೇಕು ಅನ್ನುವ ಬ್ರೌಸರಿನ ಪಟ್ಟಿಯಲ್ಲಿ ಮೊದಲೇ ಸೇರಿಕೊಂಡಿರುತ್ತದೆ, ಅದು ಇಲ್ಲದಿದ್ದರೆ ಸೈಟ್ ತೆರೆಯುವುದೇ ಇಲ್ಲ. ಅದಕ್ಕೆ ಬೇಕಾದ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಈಗ ಉಚಿತವಾಗೇ ಸಿಗುವುದರಿಂದ ಇದೇನೂ ಹೊರೆಯಲ್ಲ. ಆದರೆ ಡೊಮೇನ್ ತಗೊಂಡ ದಿನವೇ ಸೈಟ್ ಕಾಣುತ್ತಿಲ್ಲ ಅಂತ ಗಾಬರಿಯಾಗುವವರಿಗೆ ಸರ್ಟಿಫಿಕೇಟ್ ಇನ್ನೂ ಹಾಕಿಲ್ಲ ಅನ್ನುವುದೇ ಹೆಚ್ಚಾಗಿ ಕಾರಣ.

ಡಾಟ್ ಎಐ, ಡಾಟ್ ಐಓ, ಡಾಟ್ ಟಿವಿ, ಡಾಟ್ ಮಿ ನೋಡಲು ವಿವರಣೆಯ ಪದಗಳ ಹಾಗೇ ಇವೆ. ನಿಜದಲ್ಲಿ ಅವು ದೇಶ ಅಥವಾ ಪ್ರದೇಶಗಳ ಕೋಡ್. ಎಐ ಆಂಗ್ವಿಲಾ ದ್ವೀಪದ್ದು, ಟಿವಿ ಟುವಾಲು ದೇಶದ್ದು, ಮಿ ಮಾಂಟೆನೆಗ್ರೋದ್ದು. ಎರಡೇ ಅಕ್ಷರದ ಎಕ್ಸ್‌ಟೆನ್ಷನ್ ಯಾವುದೇ ಇರಲಿ, ಅದು ದೇಶದ ಪಾಲಿನದ್ದು. ಅಲ್ಲಿನ ನಿಯಮ, ಅಲ್ಲಿನ ರಾಜಕೀಯ ನಿಮ್ಮ ಹೆಸರಿಗೂ ತಟ್ಟುತ್ತದೆ. 2010ರಲ್ಲಿ ವಿಬಿ.ಎಲ್‌ವೈ ಅನ್ನುವ ಲಿಂಕ್ ಚಿಕ್ಕದು ಮಾಡುವ ಸೇವೆಯ ಡೊಮೇನನ್ನು ಲಿಬಿಯಾ ತನ್ನ ನಿಯಮಕ್ಕೆ ವಿರುದ್ಧ ಅಂತ ಕಿತ್ತುಕೊಂಡಿತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಮೇಲೆ ಅರ್ಹತೆ ಕಳೆದುಕೊಂಡ ಅಲ್ಲಿನವರ ಡಾಟ್ ಇಯು ಡೊಮೇನ್‌ಗಳು 2021ರ ಆರಂಭದಲ್ಲಿ ನಿಂತುಹೋದವು. ಯುಗೊಸ್ಲಾವಿಯಾ ಒಡೆದ ಎಷ್ಟೋ ವರ್ಷದ ನಂತರ, 2010ರಲ್ಲಿ ಡಾಟ್ ವೈಯು ಪೂರ್ತಿ ಮುಚ್ಚಿತು. ಐಓ ಸೇರಿರುವುದು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶಕ್ಕೆ. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರ ಮೇನಲ್ಲಿ ಸಹಿ ಬಿತ್ತು. ಅಂದಮಾತ್ರಕ್ಕೆ ನಾಳೆಯೇ ಐಓ ಮಾಯವಾಗುತ್ತದೆ ಅಂತಲ್ಲ. ಇಪ್ಪತ್ತು ವರ್ಷ ನಡೆಸಬೇಕಾದ ವ್ಯಾಪಾರಕ್ಕೆ ಈ ಚಿಂತೆ ಯಾಕೆ ಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಸಾಫ್ಟ್‌ವೇರ್ ಜನರ ನಡುವೆಯೇ ಓಡಾಡುವ ಉತ್ಪನ್ನ ಆದರೆ ಎಐ, ಐಓ ಎರಡೂ ಅಲ್ಲಿನ ರೂಢಿ, ಯಾರೂ ಹುಬ್ಬೇರಿಸುವುದಿಲ್ಲ.

ದಾಖಲೆ ಕೇಳುವ ಎಕ್ಸ್‌ಟೆನ್ಷನ್‌ಗಳು ಬೇರೆಯೇ ಜಾತಿ. ಡಾಟ್ ಬ್ಯಾಂಕ್, ಡಾಟ್ ಇನ್ಶೂರೆನ್ಸ್, ಡಾಟ್ ಫಾರ್ಮಸಿ, ಡಾಟ್ ಲಾ ಇವನ್ನು ಯಾರು ಬೇಕಾದರೂ ತಗೊಳ್ಳಲು ಆಗುವುದಿಲ್ಲ. ನೀವು ನಿಜವಾಗಿ ಬ್ಯಾಂಕೋ, ಪರವಾನಗಿ ಇರುವ ವಕೀಲರೋ ಅಂತ ಮೊದಲು ಪರಿಶೀಲಿಸುತ್ತಾರೆ. ದರ ಜಾಸ್ತಿ, ಕಾಗದಪತ್ರ ಜಾಸ್ತಿ. ಆದರೆ ನಿಮ್ಮ ಹೆಸರಿನಲ್ಲಿ ನಕಲಿ ಸೈಟ್ ಮಾಡುವವನಿಗೆ ಆ ಎಕ್ಸ್‌ಟೆನ್ಷನ್ ಸಿಗುವುದಿಲ್ಲ. ಹಣ, ಔಷಧಿಯಂಥ ವ್ಯವಹಾರದಲ್ಲಿ ಇರುವವರಿಗೆ ಅರ್ಹತೆ ಇದ್ದರೆ ಇದು ಒಳ್ಳೆ ಆಯ್ಕೆ.

ಗೂಗಲ್‌ನಲ್ಲಿ ಮೇಲೆ ಬರುತ್ತದಾ?

ಬರುವುದಿಲ್ಲ. ಡಾಟ್ ಪ್ಲಂಬಿಂಗ್ ಇದ್ದರೆ ಪ್ಲಂಬರ್ ಹುಡುಕುವವರಿಗೆ ನೀವೇ ಮೊದಲು ಕಾಣುತ್ತೀರಿ ಅಂತ ಮಾರುವವರು ಹೇಳಬಹುದು. ಎಕ್ಸ್‌ಟೆನ್ಷನ್‌ನಲ್ಲಿರುವ ಪದದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ ಅಂತ ಗೂಗಲ್ 2015ರಲ್ಲೇ ಸ್ಪಷ್ಟವಾಗಿ ಹೇಳಿದೆ. ಊರಿನ ಹೆಸರಿನ ಎಕ್ಸ್‌ಟೆನ್ಷನ್‌ಗಳಿಗೂ ಅದೇ ಮಾತು. ದೇಶದ ಕೋಡ್‌ಗಳು ಮಾತ್ರ ಆ ದೇಶದವರಿಗಾಗಿ ಇರುವ ಸೈಟು ಅನ್ನುವ ಸೂಚನೆ ಕೊಡುತ್ತವೆ. ಅದರಲ್ಲೂ ಐಓ, ಎಐ, ಟಿವಿ, ಕೋ, ಮಿ ಥರದವನ್ನು ಗೂಗಲ್ ಸಾಮಾನ್ಯ ಎಕ್ಸ್‌ಟೆನ್ಷನ್ ಹಾಗೇ ನೋಡುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರುವ ಆಸೆಗೆ ಎಕ್ಸ್‌ಟೆನ್ಷನ್ ಆರಿಸುತ್ತಿದ್ದರೆ ಆ ದುಡ್ಡನ್ನು ಒಳ್ಳೆಯ ಬರಹಕ್ಕೆ ಹಾಕಿ.

ಬಾಡಿಗೆಯ ಲೆಕ್ಕ

ರಿಜಿಸ್ಟ್ರಾರ್ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಮೊದಲ ವರ್ಷದ ದರ. ನೀವು ನೋಡಬೇಕಾದ್ದು ಅದರ ಕೆಳಗೆ ಸಣ್ಣ ಬೂದು ಅಕ್ಷರದಲ್ಲಿರುವ ನವೀಕರಣ ದರ. ಕಾಣದಿದ್ದರೆ ಕಾರ್ಟಿಗೆ ಹಾಕಿ ಅವಧಿಯನ್ನು ಐದು ವರ್ಷಕ್ಕೆ ಬದಲಿಸಿ. ಒಟ್ಟು ಮೊತ್ತ ತಾನಾಗೇ ಸತ್ಯ ಹೇಳುತ್ತದೆ. ಮೊದಲ ವರ್ಷ ಅಗ್ಗ ಇರುವ ಎಷ್ಟೋ ಎಕ್ಸ್‌ಟೆನ್ಷನ್‌ಗಳು ಐದು ವರ್ಷದ ಲೆಕ್ಕದಲ್ಲಿ ಡಾಟ್ ಕಾಮ್‌ಗಿಂತ ದುಬಾರಿ ಬೀಳುತ್ತವೆ.

ಚಿಕ್ಕ, ಚೆಂದದ ಹೆಸರುಗಳಿಗೆ ‘ಪ್ರೀಮಿಯಂ’ ಅನ್ನುವ ಪಟ್ಟಿ ಬೇರೆ. ಇದರಲ್ಲಿ ಎರಡು ಬಗೆ. ಕೆಲವು ಒಮ್ಮೆ ಮಾತ್ರ ಹೆಚ್ಚು ಹಣ ಕೇಳುತ್ತವೆ, ಕೆಲವು ಪ್ರತಿ ವರ್ಷವೂ. ಎರಡನೆಯ ಬಗೆಯನ್ನು ಗೊತ್ತಿಲ್ಲದೆ ತಗೊಂಡರೆ ಬಿಡುವಂತಿಲ್ಲ, ಕಟ್ಟುವಂತಿಲ್ಲ ಅನ್ನುವ ಸ್ಥಿತಿ.

ಮುಂದೆ ದರ ಏರುವ ಬಗ್ಗೆ ಡಾಟ್ ಕಾಮ್‌ಗೂ ಹೊಸವಕ್ಕೂ ದೊಡ್ಡ ವ್ಯತ್ಯಾಸ ಇದೆ. ಡಾಟ್ ಕಾಮ್ ನಡೆಸುವ ವೆರಿಸೈನ್ ತನ್ನ ಸಗಟು ದರವನ್ನು ಮನಸ್ಸಿಗೆ ಬಂದ ಹಾಗೆ ಏರಿಸುವಂತಿಲ್ಲ. ಆರು ವರ್ಷದ ಅವಧಿಯಲ್ಲಿ ಕೊನೆಯ ನಾಲ್ಕು ವರ್ಷ ಮಾತ್ರ, ಅದೂ ವರ್ಷಕ್ಕೆ ಹೆಚ್ಚೆಂದರೆ ಶೇ. 7. ಹೊಸ ಎಕ್ಸ್‌ಟೆನ್ಷನ್‌ಗಳಿಗೆ ಅಂಥ ಮಿತಿ ಇಲ್ಲ. 2017ರಲ್ಲಿ ಯೂನಿರಿಜಿಸ್ಟ್ರಿ ಅನ್ನುವ ಕಂಪನಿ ಡಾಟ್ ಹೋಸ್ಟಿಂಗ್, ಡಾಟ್ ಆಡಿಯೋದಂಥ ತನ್ನ ಹಲವು ಎಕ್ಸ್‌ಟೆನ್ಷನ್‌ಗಳ ದರವನ್ನು ಒಮ್ಮೆಗೇ ಹಲವು ಪಟ್ಟು ಏರಿಸುವುದಾಗಿ ಹೇಳಿ ದೊಡ್ಡ ಗಲಾಟೆಯಾಯಿತು.

ಗ್ರಾಹಕರಿಗೆ ಇರುವ ರಕ್ಷಣೆ ಇಷ್ಟು. ನವೀಕರಣ ದರ ಏರಿಸುವ ಮೊದಲು ರಿಜಿಸ್ಟ್ರಿ 180 ದಿನದ ನೋಟಿಸ್ ಕೊಡಬೇಕು. ಹಳೆಯ ದರದಲ್ಲೇ ಹತ್ತು ವರ್ಷದ ತನಕ ಮುಂಗಡ ನವೀಕರಿಸಲು ಅವಕಾಶ ಇರಬೇಕು. ಆದರೆ ಆ ನೋಟಿಸ್ ಹೋಗುವುದು ರಿಜಿಸ್ಟ್ರಾರಿಗೆ, ನಿಮಗಲ್ಲ. ಹೊಸ ಎಕ್ಸ್‌ಟೆನ್ಷನ್ ಮೇಲೇ ವ್ಯಾಪಾರ ಕಟ್ಟುವುದು ಗಟ್ಟಿಯಾದಮೇಲೆ ಒಂದೇ ಸಲ ಹಲವು ವರ್ಷಕ್ಕೆ ಕಟ್ಟಿಬಿಡುವುದು ಜಾಣತನ. ರಿಜಿಸ್ಟ್ರಿಯೇ ಬಾಗಿಲು ಹಾಕಿದರೆ ಅಂತ ಹೆದರುವವರಿಗೆ ಒಂದು ಸಮಾಧಾನ: ಐಕ್ಯಾನ್ ಬಳಿ ತುರ್ತು ವ್ಯವಸ್ಥೆ ಇದೆ. 2017ರಲ್ಲಿ ಡಾಟ್ ವೆಡ್‌ನ ರಿಜಿಸ್ಟ್ರಿ ಕೈಚೆಲ್ಲಿದಾಗ ಅದನ್ನು ಹೀಗೇ ಬೇರೆಯವರ ಕೈಗೆ ಒಪ್ಪಿಸಿ ನಡೆಸಿದರು.

ಅಕ್ಕಪಕ್ಕದವರು ಯಾರು

ಅಗ್ಗದ ಎಕ್ಸ್‌ಟೆನ್ಷನ್‌ಗಳಿಗೆ ಮೋಸಗಾರರು ಮೊದಲು ಮುಗಿಬೀಳುತ್ತಾರೆ. ಉಚಿತವಾಗಿ ಸಿಗುತ್ತಿದ್ದ ಡಾಟ್ ಟಿಕೆ ಹೀಗೇ ಕೆಟ್ಟ ಹೆಸರು ತಗೊಂಡಿತು. ಫಿಶಿಂಗ್, ಅಂದರೆ ನಕಲಿ ಸೈಟಿನಿಂದ ಜನರ ಮಾಹಿತಿ ಕದಿಯುವ ಮೋಸದ ದೂರುಗಳನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಡಾಟ್ ಟಾಪ್‌ನ ರಿಜಿಸ್ಟ್ರಿಗೆ 2024ರಲ್ಲಿ ಐಕ್ಯಾನ್ ನೋಟಿಸ್ ಕೊಟ್ಟಿತು. ಅಂಥ ಕಡೆ ನಿಮ್ಮ ಪ್ರಾಮಾಣಿಕ ಅಂಗಡಿ ಇದ್ದರೆ ನಿಮ್ಮ ಇಮೇಲ್ ಕೂಡ ಗ್ರಾಹಕರ ಸ್ಪ್ಯಾಮ್ ಡಬ್ಬಿಗೆ ಬೀಳುವ ಸಾಧ್ಯತೆ ಜಾಸ್ತಿ. ಕೆಲವು ಕಂಪನಿಗಳ ಐಟಿ ವಿಭಾಗ ಅಂಥ ಎಕ್ಸ್‌ಟೆನ್ಷನ್ನನ್ನು ಪೂರ್ತಿಯಾಗಿ ತಡೆದಿಟ್ಟಿರುತ್ತದೆ.

ಹೊಸ ಎಕ್ಸ್‌ಟೆನ್ಷನ್‌ಗೆ ಇನ್ನೊಂದು ತೊಂದರೆ ಹಳೆಯ ಫಾರಂಗಳಿಂದ. ಡೊಮೇನ್ ಅಂದರೆ ಕೊನೆಗೆ ಎರಡೋ ಮೂರೋ ಅಕ್ಷರ ಅಂತ ಅಂದುಕೊಂಡು ಬರೆದ ಪ್ರೋಗ್ರಾಂಗಳು ಇನ್ನೂ ಚಾಲ್ತಿಯಲ್ಲಿವೆ. ಅಲ್ಲಿ ‘ಇನ್ಫೋ ಅಟ್ ಬೆಳಕು ಡಾಟ್ ಸ್ಟುಡಿಯೋ’ ಹಾಕಿದರೆ ಕೆಂಪು ಅಕ್ಷರದಲ್ಲಿ ‘ಸರಿಯಾದ ಇಮೇಲ್ ಕೊಡಿ’ ಅಂತ ಬರುತ್ತದೆ. ಇದನ್ನು ಸರಿಪಡಿಸಲೆಂದೇ ಯೂನಿವರ್ಸಲ್ ಅಕ್ಸೆಪ್ಟೆನ್ಸ್ ಅನ್ನುವ ಪ್ರಯತ್ನ 2015ರಿಂದ ನಡೆಯುತ್ತಿದೆ. ಮೊದಲಿಗಿಂತ ಸುಧಾರಿಸಿದೆ, ಪೂರ್ತಿ ಹೋಗಿಲ್ಲ. ಹಾಗಾಗಿ ನೀವು ದಿನಾ ಬಳಸುವ ಬ್ಯಾಂಕ್, ತೆರಿಗೆ, ಕೊರಿಯರ್ ಫಾರಂಗಳಲ್ಲಿ ಆ ಎಕ್ಸ್‌ಟೆನ್ಷನ್ ಇರುವ ಇಮೇಲ್ ಟೈಪ್ ಮಾಡಿ ನೋಡಿ. ಸಬ್ಮಿಟ್ ಒತ್ತುವುದು ಬೇಡ, ಫಾರಂ ತಕರಾರು ತೆಗೆಯುತ್ತದಾ ಅನ್ನುವುದಷ್ಟೇ ಬೇಕು. ಹಾಗೆಯೇ ಚಾಟ್ ಆ್ಯಪ್‌ನಲ್ಲಿ ವಿಳಾಸವನ್ನು ಮುಂದೆ ಏನೂ ಸೇರಿಸದೆ ಬರೆದು ಕಳಿಸಿ, ನೀಲಿ ಲಿಂಕ್ ಆಗುತ್ತದಾ ನೋಡಿ. ಆಗದಿದ್ದರೆ ಪ್ರತಿ ಸಲ ಎಚ್‌ಟಿಟಿಪಿಎಸ್ ಸಮೇತ ಕಳಿಸಬೇಕಾಗುತ್ತದೆ.

ಹಾಗಾದರೆ ಯಾವುದು?

ಒಬ್ಬರೇ ಕಸುಬು ಮಾಡುವವರು, ಗ್ರಾಹಕರು ಇನ್‌ಸ್ಟಾಗ್ರಾಂನಿಂದಲೋ ಕ್ಯೂಆರ್ ಕೋಡಿನಿಂದಲೋ ಬರುವವರು ಆದರೆ ಕಸುಬಿನ ಪದ ಅಥವಾ ಸ್ಟುಡಿಯೋ ಧೈರ್ಯವಾಗಿ ತಗೊಳ್ಳಿ. ಫೋನ್, ಬಾಯಿಮಾತು, ಇಮೇಲ್ ಮೇಲೆ ನಡೆಯುವ ವ್ಯಾಪಾರ, ಅದರಲ್ಲೂ ಕಂಪನಿಗಳ ಜೊತೆ ವ್ಯವಹಾರ ಆದರೆ ಒಂದು ಪದ ಸೇರಿಸಿದ ಡಾಟ್ ಕಾಮ್. ಒಂದೇ ದೇಶದೊಳಗಿನ ಗ್ರಾಹಕರಾದರೆ ಆ ದೇಶದ ಕೋಡ್ ಎರಡಕ್ಕಿಂತಲೂ ವಾಸಿ ಇರಬಹುದು. ಜನರಿಗೆ ಅದರ ರೂಢಿ ಇರುತ್ತದೆ, ಹೆಸರೂ ಸುಲಭವಾಗಿ ಸಿಗುತ್ತದೆ. ಸಾಫ್ಟ್‌ವೇರ್ ಉತ್ಪನ್ನಕ್ಕೆ ಡಾಟ್ ಆ್ಯಪ್. ವ್ಯಾಪಾರ ಯಾವ ದಿಕ್ಕಿಗೆ ಹೋಗುತ್ತದೋ ನಿಮಗೇ ಇನ್ನೂ ಗೊತ್ತಿಲ್ಲದಿದ್ದರೆ ವಿವರಣೆಯ ಪದದ ಸಹವಾಸವೇ ಬೇಡ.

ಬೆಳಕು.ಸ್ಟುಡಿಯೋ, ಬೆಳಕುಸ್ಟುಡಿಯೋ.ಕಾಮ್ ಥರ ಎರಡೂ ಖಾಲಿ ಇದ್ದರೆ ಎರಡನ್ನೂ ತಗೊಂಡು ಒಂದರಿಂದ ಇನ್ನೊಂದಕ್ಕೆ 301 ರೀಡೈರೆಕ್ಟ್ (ಕಾಯಂ ರೀಡೈರೆಕ್ಟ್) ಹಾಕುವುದು ನನಗೆ ಇಷ್ಟದ ದಾರಿ. ಬೋರ್ಡಿನ ಮೇಲೆ ಚಿಕ್ಕದು, ಇಮೇಲಿಗೆ ಡಾಟ್ ಕಾಮ್. ಆಗ ಫೋನಿನಲ್ಲಿ ಆ ಕಡೆಯವರು “ಡಾಟ್ ಕಾಮ್ ಅಲ್ವಾ?” ಅಂದರೆ “ಹೌದು” ಅಂದು ಮುಂದಿನ ಮಾತಿಗೆ ಹೋಗಬಹುದು. ಆದರೆ ಹತ್ತು ಎಕ್ಸ್‌ಟೆನ್ಷನ್ ಕೂಡಿಡಲು ಹೋಗಬೇಡಿ, ಅದಕ್ಕೆ ಕೊನೆಯೇ ಇಲ್ಲ.

ತಗೊಂಡಮೇಲೆ ಆಟೋ ರಿನ್ಯೂವಲ್ ಆನ್ ಮಾಡಿ, ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ. ಅವಧಿ ಮೀರಿ ಡೊಮೇನ್ ಅಳಿಸಿಹೋದರೂ ಸಾಮಾನ್ಯ ಎಕ್ಸ್‌ಟೆನ್ಷನ್‌ಗಳಲ್ಲಿ 30 ದಿನ ವಾಪಸ್ ಪಡೆಯುವ ಅವಕಾಶ ಇರುತ್ತದೆ. ಆದರೆ ಅದರ ದಂಡ ನವೀಕರಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ರಿಜಿಸ್ಟ್ರಾರ್ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದು ಆಗಿರಬಾರದು. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ಬರಬೇಕಾದ್ದೂ ಅಲ್ಲಿಗೇ. ಸೈಟ್ ಮಾಡಿಕೊಟ್ಟವರ ಇಮೇಲೂ ಬೇಡ. ಖಾತೆ ವ್ಯಾಪಾರದ ಮಾಲೀಕರ ಹೆಸರಿನಲ್ಲೇ, ಅವರ ಮೊಬೈಲ್ ನಂಬರಿನಲ್ಲೇ ಇರಲಿ.